ತೊಗರಿ ಕುಡಿ ಮಡಚಿದ ಹುಳ ಅಮೆರಿಕದ್ದು ಅನ್ನುತ್ತಿದೆ ಆ್ಯಪ್, ನಿಜವೇ?

ಆಳಂದದ ಎರೆಹೊಲ:

ಎಲ್ಲರಿಗೂ ಶರಣು. ಆಳಂದ ತಾಲ್ಲೂಕಿನಲ್ಲಿ ನಮ್ಮ ಹೊಲ. ಜೂನ್ ಕೊನೆಗೆ ತೊಗರಿ ಬಿತ್ತಿದ್ದೇವೆ, ನಡುವೆ ಹೆಸರು. ಬದುವಿನ ಮೇಲೆ ಮನೆ ಮಟ್ಟಿಗೆ ಸ್ವಲ್ಪ ಅಲಸಂದಿ ಇದೆ. ತೊಗರಿ ಮೊಣಕಾಲು ದಾಟಿದೆ, ಬೆಳೆ ಚೆನ್ನಾಗಿಯೇ ಇದೆ. ಆದರೆ ಹೋದ ವಾರದ ಮಳೆ ನಿಂತ ಮೇಲೆ ಅಲ್ಲಲ್ಲಿ ಗಿಡದ ಕುಡಿ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಮುದುಡಿ ನಿಂತಿವೆ. ಒಳಗೆ ಹುಳ ಇದೆ.

ಮಗ ಫೋಟೋ ತೆಗೆದು ಹುಳ ಗುರುತು ಹಿಡಿಯುವ ಒಂದು ಆ್ಯಪ್‌ಗೆ ಹಾಕಿದ. ಅದು ‘ಅರ್ಬಾನಸ್ ಪ್ರೋಟಿಯಸ್’ ಅಂತ ತೋರಿಸಿತು. ಬೀನ್ಸ್ ಎಲೆ ಸುತ್ತುವ ಹುಳ, ಅಮೆರಿಕ ಖಂಡದ್ದು ಅಂತ ಬರೆದಿತ್ತು. ಜೊತೆಗೆ ನೀಲಿ ಹಸಿರು ಮೈಯ, ಹಿಂದೆ ಉದ್ದ ಬಾಲ ಇರುವ ಪಾತರಗಿತ್ತಿಯ ಚಿತ್ರ. ಅಂಥ ಪಾತರಗಿತ್ತಿಯನ್ನು ನಮ್ಮ ಹೊಲದಲ್ಲಿ ನಾವು ಯಾರೂ ನೋಡಿಲ್ಲ.

ನನ್ನ ಚಿಂತೆ ಏನೆಂದರೆ, 2018ರಲ್ಲಿ ಮೆಕ್ಕೆಜೋಳಕ್ಕೆ ಬಂದ ಸೈನಿಕ ಹುಳವೂ ಅಮೆರಿಕದ್ದೇ ಅಲ್ವಾ? ಅದೂ ಮೊದಲು ಕಂಡದ್ದು ನಮ್ಮ ಕರ್ನಾಟಕದಲ್ಲೇ, ಶಿವಮೊಗ್ಗ ಕಡೆ. ನೋಡನೋಡುತ್ತ ದೇಶವೆಲ್ಲ ಹಬ್ಬಿತು. ಹಾಗೆಯೇ ಇದು ತೊಗರಿಗೆ ಬಂದಿದೆಯೇ? ತೊಗರಿ ಬಿಟ್ಟರೆ ನಮಗೆ ಬೇರೆ ಆಸರೆ ಇಲ್ಲ. ಅಂಗಡಿಯವರು ಎರಡು ಎಣ್ಣೆ (ಕೀಟನಾಶಕ) ಬೆರೆಸಿ ಹೊಡೆಯಿರಿ ಅನ್ನುತ್ತಿದ್ದಾರೆ. ಹೊಡೆಯಬೇಕೇ, ಬಿಡಬೇಕೇ? ತಿಳಿದವರು ಹೇಳಿ.


ಶಹಾಪುರ ಕಾಲುವೆ:

ನಮ್ಮದು ಕೃಷ್ಣೆ ಕಾಲುವೆ ನೀರಿನ ಭತ್ತ. ಭತ್ತದಲ್ಲೂ ಎಲೆ ಸುತ್ತುವ ಹುಳ ಬರುತ್ತದೆ. ಪ್ರತಿ ವರ್ಷ ಒಂದು ಸಲ ಹೊಡೆಯುತ್ತೇವೆ. ತೊಗರಿ ವಿಷಯ ನನಗೆ ಅಷ್ಟು ತಿಳಿಯದು. ಆದರೆ ಹೊರದೇಶದ ಹುಳ ಅಂತಾದರೆ ಸುಮ್ನೆ ಕೂರಬೇಡಿ ಅಣ್ಣಾ.


ವಿಜ್ಞಾನ ಟೀಚರ್, ಕಲಬುರಗಿ:

ಆಳಂದದ ತಮ್ಮನವರೇ, ಎಣ್ಣೆ ತರುವ ಮುಂಚೆ ಇದನ್ನೊಂದು ಓದಿ. ನಿಮ್ಮ ಹೊಲದಲ್ಲಿರುವುದು ಅರ್ಬಾನಸ್ ಅಲ್ಲ. ಆ ಪಾತರಗಿತ್ತಿ ಭಾರತದಲ್ಲಿ ಇಲ್ಲ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಿ ಆದವಳು ನಾನು. ಮಗಳ ಮನೆ ಅಮೆರಿಕದ ಫ್ಲೋರಿಡಾದಲ್ಲಿ, ಗೇನ್ಸ್‌ವಿಲ್ ಊರಲ್ಲಿ. ಅಲ್ಲಿ ಹೋದಾಗ ಹಿತ್ತಲ ಬೇಲಿಗೆ ಅಲಸಂದಿ, ಬೀನ್ಸ್ ಬಳ್ಳಿ ಹಬ್ಬಿಸುತ್ತೇನೆ. ಆ ಬಳ್ಳಿಗೆ ನಿಮ್ಮ ಆ್ಯಪ್ ತೋರಿಸಿದ ಪಾತರಗಿತ್ತಿಯೇ ಬರುತ್ತದೆ. ಅದರ ಮೊಟ್ಟೆ, ಹುಳ, ಕೋಶ ಎಲ್ಲವನ್ನೂ ಭೂತಗನ್ನಡಿ ಹಿಡಿದು ನೋಡಿದ್ದೇನೆ. ಅದರ ಬಗ್ಗೆ ಹೇಳಲು ನನಗೆ ಬಹಳ ಇಷ್ಟ. ಹಾಗಾಗಿ ಸ್ವಲ್ಪ ಉದ್ದವಾಗುತ್ತದೆ.

ಅರ್ಬಾನಸ್ ಅನ್ನುವುದು ಒಂದು ಕುಲದ ಹೆಸರು. 1807ರಲ್ಲಿ ಜರ್ಮನಿಯ ಹುಬ್ನರ್ ಇಟ್ಟದ್ದು. ಈ ಕುಲ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಪ್ರೋಟಿಯಸ್ ಅದರಲ್ಲಿ ಒಂದು ಪ್ರಭೇದ, ಅದನ್ನು ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲೇ ದಾಖಲಿಸಿದ್ದರು. ದಕ್ಷಿಣಕ್ಕೆ ಅರ್ಜೆಂಟೀನಾದಿಂದ ಉತ್ತರಕ್ಕೆ ಅಮೆರಿಕ ದೇಶದ ದಕ್ಷಿಣದ ರಾಜ್ಯಗಳವರೆಗೆ ಅದರ ಬೀಡು. ಹಿಮ ಬೀಳುವ ಚಳಿಯನ್ನು ಅದು ತಡೆಯುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಉತ್ತರಕ್ಕೆ ಹಬ್ಬಿದ್ದು ಚಳಿಗಾಲಕ್ಕೆ ಮುಂಚೆ ಫ್ಲೋರಿಡಾ ಕಡೆ ಇಳಿಯುತ್ತದೆ. ಅಕ್ಟೋಬರ್ ಹೊತ್ತಿಗೆ ಬೇಲಿ ಪಕ್ಕ ನಿಂತರೆ ಒಂದರ ಹಿಂದೆ ಒಂದು ತಗ್ಗಿನಲ್ಲೇ ಹಾರಿಕೊಂಡು ದಕ್ಷಿಣಕ್ಕೆ ಹೋಗುವುದು ಕಾಣುತ್ತದೆ. ನಾನು ಅಡುಗೆ ಬಿಟ್ಟು ನಿಂತು ನೋಡಿದ್ದೇನೆ. ಮಗಳು ಬಂದು ಕರೆಯಬೇಕು.

ಇವೆಲ್ಲ ಸ್ಕಿಪ್ಪರ್ ಅನ್ನುವ ಗುಂಪಿನವು. ಪಾತರಗಿತ್ತಿಯೇ, ಆದರೆ ಮೈ ದಪ್ಪ, ತಲೆ ದೊಡ್ಡದು, ಹಾರಾಟ ಬಲು ಚುರುಕು. ಮೀಸೆಯ ತುದಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ಈ ಗುಂಪಿನವು ನಮ್ಮ ಕಲಬುರಗಿಯಲ್ಲೂ ಇವೆ. ರಸ್ತೆ ಬದಿಯ ಹೊಂಗೆ ಗಿಡದ ಎಳೆ ಎಲೆ ಮಡಚಿ ತಿನ್ನುವ ಒಂದು ಹುಳ ಇದೆ ನೋಡಿ, ಅದು ಬೆಳೆದು ಕಾಮನ್ ಬ್ಯಾಂಡೆಡ್ ಆಲ್ ಎಂಬ ಕಂದು ಪಾತರಗಿತ್ತಿ ಆಗುತ್ತದೆ. ರೆಕ್ಕೆ ಮಡಚಿದಾಗ ಹಿಂದಿನ ರೆಕ್ಕೆ ಮೇಲೆ ಬಿಳಿ ಪಟ್ಟೆ ಕಾಣುತ್ತದೆ. ಮಕ್ಕಳಿಗೆ ನಾನು ಮೊದಲು ತೋರಿಸುತ್ತಿದ್ದದ್ದು ಅದನ್ನೇ, ಏಕೆಂದರೆ ಶಾಲೆ ಅಂಗಳದಲ್ಲಿ ಹೊಂಗೆ ಇತ್ತು.

ಈಗ ನಿಮ್ಮ ಹುಳಕ್ಕೆ ಬರೋಣ. ಎರಡು ಗುರುತು ಹೇಳುತ್ತೇನೆ, ನೀವೇ ನೋಡಿ.

ಮೊದಲನೆಯದು ಎಲೆ. ಪ್ರೋಟಿಯಸ್ ಹುಳ ಕುಡಿಯನ್ನು ಕಟ್ಟುವುದಿಲ್ಲ. ಬೀನ್ಸಿನ ಅಗಲ ಎಲೆಯ ಅಂಚಿನಿಂದ ಒಳಗೆ ಕತ್ತರಿಸಿ, ತ್ರಿಕೋನದ ತುಂಡನ್ನು ಮೇಲೆ ಮಡಚಿ, ರೇಷ್ಮೆ ನೂಲಿನಿಂದ ಬಿಗಿದು ಅದರೊಳಗೆ ಹಗಲೆಲ್ಲ ಅಡಗಿರುತ್ತದೆ. ರಾತ್ರಿ ಹೊರಬಂದು ಮೇಯುತ್ತದೆ. ಬಾಗಿಲು ಮುಚ್ಚಿದಷ್ಟು ಅಚ್ಚುಕಟ್ಟಾದ ಕೆಲಸ ಅದು. ನಿಮ್ಮ ತೊಗರಿಯಲ್ಲಿ ಹಲವು ಎಲೆ ಒಟ್ಟಿಗೆ ಅಂಟಿ ಮುದುಡಿವೆ ಅಂತ ಬರೆದಿದ್ದೀರಿ. ಅದು ಬೇರೆಯದೇ ಹುಳದ ಕೆಲಸ.

ಎರಡನೆಯದು ಕುತ್ತಿಗೆ. ಯಾವುದೇ ಸ್ಕಿಪ್ಪರ್ ಹುಳ ತೆಗೆದುಕೊಳ್ಳಿ, ತಲೆ ದಪ್ಪ, ಅದರ ಹಿಂದೆ ಕುತ್ತಿಗೆ ಸಣ್ಣ. ಪ್ರೋಟಿಯಸ್‌ಗೆ ಇದರ ಜೊತೆ ಬೆನ್ನ ನಡುವೆ ಕಪ್ಪು ಗೆರೆ, ಎರಡೂ ಪಕ್ಕೆಗೆ ಹಳದಿ ಗೆರೆ. ಬೆಳೆದ ಹುಳ ನಿಮ್ಮ ಕಿರುಬೆರಳಿನ ಎರಡು ಗಣ್ಣಿನಷ್ಟು ಉದ್ದ. ಮುದುಡಿದ ಕುಡಿ ಒಂದೆರಡು ಬಿಡಿಸಿ ನೋಡಿ. ತಲೆ ಕುತ್ತಿಗೆ ಒಂದೇ ಸಮ ಇದ್ದು ಹುಳ ಸಣ್ಣದಾಗಿದ್ದರೆ ಅದು ಪತಂಗದ ಮರಿ.

ಸೈನಿಕ ಹುಳದ ಹೆದರಿಕೆ ನನಗೂ ಅರ್ಥವಾಗುತ್ತದೆ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಸೈನಿಕ ಹುಳದ ಪತಂಗ ಒಂದೇ ರಾತ್ರಿಯಲ್ಲಿ ಬಹಳ ದೂರ ಹಾರುತ್ತದೆ, ಜೋಳ ಮೆಕ್ಕೆಜೋಳ ಹುಲ್ಲು ಎಲ್ಲ ತಿನ್ನುತ್ತದೆ. 2016ರಲ್ಲಿ ಆಫ್ರಿಕಾದಲ್ಲಿ ಕಂಡಿತು, ಎರಡು ವರ್ಷದಲ್ಲಿ ಇಲ್ಲಿಗೆ ಬಂತು. ಪ್ರೋಟಿಯಸ್ ತಿನ್ನುವುದು ದ್ವಿದಳ ಸಸ್ಯಗಳ ಎಲೆ. ಫ್ಲೋರಿಡಾದಲ್ಲೂ ಬೀನ್ಸ್ ಬೆಳೆಯುವವರಿಗೆ ಅದು ದೊಡ್ಡ ತಲೆನೋವಲ್ಲ. ಎಲೆ ಒಂದಿಷ್ಟು ಹೋದರೂ ಗಿಡ ಕಾಯಿ ಬಿಡುತ್ತದೆ. ನನ್ನ ಅಲಸಂದಿ ಎಲೆ ತೂತು ತೂತಾಗಿತ್ತು, ಕಾಯಿಗೆ ಏನೂ ಆಗಲಿಲ್ಲ. ಕೊಯ್ದು ಪಲ್ಯ ಮಾಡಿದೆ.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ಪ್ರೋಟಿಯಸ್‌ನ ನೆಂಟ ಎಪಾರ್ಗೈರಿಯಸ್ ಅನ್ನುವ ಇನ್ನೊಂದು ಅಮೆರಿಕದ ಕುಲ ಇದೆ. ರೆಕ್ಕೆ ಕೆಳಗೆ ಬೆಳ್ಳಿಯ ಮಚ್ಚೆ. ಅದರ ಹುಳವೂ ಎಲೆ ಮಡಚಿ ಒಳಗೆ ಇರುತ್ತದೆ. ಒಳಗೇ ತಿಂದುಂಡು ಇದ್ದರೆ ಹಿಕ್ಕೆ ತುಂಬಿಕೊಳ್ಳಬೇಕಲ್ಲ, ಆದರೆ ಗೂಡು ಸ್ವಚ್ಛ ಇರುತ್ತದೆ. ಅದು ಹಿಕ್ಕೆಯನ್ನು ಹಿಂದಿನಿಂದ ಸಿಡಿಸಿ ಎಸೆಯುತ್ತದೆ. ನಾಲ್ಕು ಸೆಂಟಿಮೀಟರ್ ಹುಳ ಒಂದೂವರೆ ಮೀಟರ್ ದೂರ ಎಸೆಯುತ್ತದೆ! ಯಾಕೆ ಅಂತ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಮಾರ್ಥಾ ವೈಸ್ 2003ರಲ್ಲಿ ಪರೀಕ್ಷೆ ಮಾಡಿ ತೋರಿಸಿದರು. ಹಿಕ್ಕೆಯ ವಾಸನೆ ಹಿಡಿದು ಕಣಜ ಬರುತ್ತದೆ, ಬಂದರೆ ಹುಳವನ್ನು ಹೊತ್ತೊಯ್ಯುತ್ತದೆ. ಗೂಡಿನ ಹತ್ತಿರ ವಾಸನೆ ಉಳಿಯಬಾರದು, ಅಷ್ಟೇ. ಬೆನ್ನೆಲುಬೂ ಇಲ್ಲದ ಸಣ್ಣ ಜೀವ ಇಷ್ಟು ಮುಂದಾಲೋಚನೆಯಿಂದ ಬದುಕುತ್ತದೆ ಅಂದರೆ ನನಗೆ ಪ್ರತಿ ಸಲವೂ ಮೈ ಝುಂ ಅನ್ನುತ್ತದೆ.

ಇವುಗಳ ಹೆಸರಿನ ಬಗ್ಗೆ ಒಂದು ಮಾತು, ನಿಮ್ಮ ಮಗನಿಗೆ ಉಪಯೋಗವಾದೀತು. ಹಳೆಯ ಪುಸ್ತಕಗಳಲ್ಲಿ ಉದ್ದ ಬಾಲದವೆಲ್ಲ ಅರ್ಬಾನಸ್ ಕುಲದಲ್ಲೇ ಇದ್ದವು. 2019ರಲ್ಲಿ ಸ್ಕಿಪ್ಪರ್‌ಗಳ ಇಡೀ ಜೀನೋಮ್, ಅಂದರೆ ಪೂರ್ತಿ ಡಿಎನ್ಎ ಓದಿದಾಗ ನೋಟಕ್ಕೆ ಒಂದೇ ಥರ ಇರುವವು ಹತ್ತಿರದ ಸಂಬಂಧಿಗಳೇ ಅಲ್ಲ ಅಂತ ಗೊತ್ತಾಯಿತು. ಮೈ ಕಂದಾಗಿರುವ ಉದ್ದ ಬಾಲದವುಗಳಲ್ಲಿ ಕೆಲವನ್ನು ಸ್ಪೈಕಾಡಾ ಅನ್ನುವ ಹೊಸ ಕುಲಕ್ಕೆ ಹಾಕಿದರು. ಅದಕ್ಕೂ ಮುಂಚೆ 2004ರಲ್ಲಿ ಕೋಸ್ಟರಿಕಾದ ಗುವಾನಾಕಾಸ್ಟೆ ಕಾಡಿನಲ್ಲಿ ಇನ್ನೊಂದು ನೀಲಿ ಸ್ಕಿಪ್ಪರಿನ ಡಿಎನ್ಎ ನೋಡಿದರು. ಎಲ್ಲರೂ ಒಂದೇ ಪ್ರಭೇದ ಅಂದುಕೊಂಡದ್ದು ಹತ್ತು ಪ್ರಭೇದ ಇರಬಹುದು ಅಂತ ಹೇಳಿದರು. ಅಲ್ಲೂ ದಾರಿ ತೋರಿಸಿದ್ದು ಹುಳಗಳೇ. ದೊಡ್ಡವಾದ ಮೇಲೆ ರೆಕ್ಕೆ ಎಲ್ಲ ಒಂದೇ ಥರ, ಆದರೆ ಹುಳ ಇದ್ದಾಗ ಬಣ್ಣ ಬೇರೆ, ತಿನ್ನುವ ಗಿಡ ಬೇರೆ. ವರ್ಷಾನುಗಟ್ಟಲೆ ಹುಳ ಸಾಕಿ, ಯಾವುದು ಯಾವ ಗಿಡ ತಿಂದಿತು ಅಂತ ಬರೆದಿಟ್ಟವರಿಂದ ಇದು ತಿಳಿಯಿತು. ಪಳಗಿದವರೇ ರೆಕ್ಕೆ ನೋಡಿ ಬೇರೆ ಮಾಡಲಾಗದ್ದನ್ನು ಒಂದು ಆ್ಯಪ್ ಮುದುಡಿದ ಎಲೆಯ ಫೋಟೋ ನೋಡಿ ಹೇಳುತ್ತದೆ ಅಂದರೆ ಹೇಗೆ ನಂಬುವುದು ತಮ್ಮಾ? ಊರು ಯಾವುದು, ಗಿಡ ಯಾವುದು, ಹುಳ ಹೇಗಿದೆ, ಇಷ್ಟನ್ನು ಮೊದಲು ಕೇಳಬೇಕು.

ಕುಡಿ ಬಿಡಿಸಿ ನೋಡಿ ಇಲ್ಲೇ ಬರೆಯಿರಿ. ಅಲ್ಲಿಯವರೆಗೆ ಎಣ್ಣೆ ಬೇಡ.


ಆಳಂದದ ಎರೆಹೊಲ:

ಟೀಚರ್, ಶರಣು. ಇಷ್ಟು ವಿವರವಾಗಿ ಬರೆದಿರಿ, ಮನೆಯವರೆಲ್ಲ ಕೂತು ಓದಿದೆವು. ಮಗ ಹಿಕ್ಕೆ ಸಿಡಿಸುವ ಮಾತನ್ನು ಶಾಲೆಯಲ್ಲಿ ಹೇಳಿ ಬಂದಿದ್ದಾನೆ.

ಬೆಳಿಗ್ಗೆ ಹೊಲಕ್ಕೆ ಹೋಗಿ ಬಿಡಿಸಿ ನೋಡಿದೆ. ಮೂರು ನಾಲ್ಕು ಎಲೆ ನೂಲಿನಿಂದ ಒಟ್ಟಿಗೆ ಹೊಲಿದ ಹಾಗಿವೆ. ಒಳಗೆ ಸಣ್ಣ ಹುಳ, ಒಂದು ಸೆಂಟಿಮೀಟರ್ ಇದ್ದೀತು. ತಿಳಿ ಹಳದಿ ಬಣ್ಣ, ಬೆನ್ನ ಮೇಲೆ ಗೆರೆ ಇಲ್ಲ. ತಲೆ ಮೈ ಒಂದೇ ಸಮ. ಕುತ್ತಿಗೆ ಅಂತ ಬೇರೆ ಕಾಣಲಿಲ್ಲ. ಎಲೆಯ ಒಳಗೆ ಕಪ್ಪು ಹಿಕ್ಕೆ ತುಂಬಿತ್ತು, ಅಂದರೆ ನೀವು ಹೇಳಿದ ಎಸೆಯುವ ಹುಳವಂತೂ ಅಲ್ಲ. ಬದುವಿನ ಅಲಸಂದಿಯಲ್ಲಿ ಏನೂ ಇಲ್ಲ.

ಸಾಲಿಗೆ ಎರಡು ಮೂರು ಗಿಡದಲ್ಲಿ ಇದೆ. ಎಲ್ಲ ಗಿಡದಲ್ಲಿ ಇಲ್ಲ. ಆದರೆ ಹಾಗೆ ಮುದುಡಿದ ಕುಡಿ ಮೇಲಕ್ಕೆ ಬೆಳೆಯುವುದಿಲ್ಲ ಅಲ್ವಾ? ಅದೇ ಸಂಕಟ.


ಕೃಷಿ ಪದವಿ, ಸೇಡಂ:

ಅಣ್ಣಾ, ನಾನು ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವನು, ಊರು ಸೇಡಂ. ಮನೆಯಲ್ಲಿ ನಮ್ಮದೂ ತೊಗರಿಯೇ. ನೀವು ಹೇಳಿದ್ದು ತೊಗರಿಯ ಎಲೆ ಹೆಣೆಯುವ ಹುಳ, ಗ್ರಾಫೊಲೀಟಾ ಕ್ರಿಟಿಕಾ. ಸಣ್ಣ ಕಂದು ಪತಂಗದ ಮರಿ. ಇದು ಹೊರಗಿನದಲ್ಲ, ನಮ್ಮಲ್ಲಿ ಹಿಂದಿನಿಂದ ಇರುವುದೇ. ಗಿಡ ಚಿಕ್ಕದಿರುವಾಗಲೇ ಬಂದು ಹೂ ಬಿಡುವವರೆಗೂ ಅಲ್ಲಲ್ಲಿ ಕಾಣುತ್ತದೆ. ಟೀಚರ್ ಹೇಳಿದ ಕುತ್ತಿಗೆ ಗುರುತು ಸರಿಯಾಗಿದೆ.

ಕುಡಿ ನಿಂತರೆ ಏನಾಗುತ್ತದೆ ಅಂತ ಕೇಳಿದಿರಿ. ಪಕ್ಕದಿಂದ ಟಿಸಿಲು ಒಡೆಯುತ್ತದೆ. ಬಿತ್ತಿ 45–50 ದಿನಕ್ಕೆ ನಾವೇ ಕೈಯಿಂದ ತೊಗರಿ ಕುಡಿ ಚಿವುಟುತ್ತೇವಲ್ಲ, ಅದೂ ಟಿಸಿಲು ಜಾಸ್ತಿ ಬರಲಿ ಅಂತಲೇ. ನಿಮ್ಮ ಬೆಳೆಗೆ ಈಗ ಸರಿಯಾಗಿ ಆ ಹೊತ್ತು. ಎರಡೂ ಕೆಲಸ ಒಂದೇ ಸಲ ಮಾಡಿ. ಕುಡಿ ಚಿವುಟುವಾಗ ಮುದುಡಿದ್ದನ್ನು ಬೇರೆ ಚೀಲಕ್ಕೆ ಹಾಕಿ, ಹೊಲದಲ್ಲಿ ಚೆಲ್ಲದೆ ಹೊರಗೆ ತಂದು ಮಣ್ಣಲ್ಲಿ ಹೂಳಿ. ಸಾಲಿಗೆ ಎರಡು ಮೂರು ಗಿಡಕ್ಕೆ ಎಣ್ಣೆ ಬೇಕಾಗಿಲ್ಲ.

ಈಗ ಎಣ್ಣೆ ಹೊಡೆದರೆ ಇನ್ನೊಂದು ನಷ್ಟ ಇದೆ. ಹುಳ ಹಿಡಿಯುವ ಕಣಜ, ಜೇಡ, ಗುಲಗಂಜಿ ಹುಳ ಎಲ್ಲ ಸಾಯುತ್ತವೆ. ಆಮೇಲೆ ಅಕ್ಟೋಬರ್, ನವೆಂಬರಿನಲ್ಲಿ ಹೂ ಬಿಟ್ಟಾಗ ಬರುವ ಕಾಯಿಕೊರಕಕ್ಕೆ ತಡೆಯೇ ಇರುವುದಿಲ್ಲ. ತೊಗರಿಯಲ್ಲಿ ನಿಜವಾಗಿ ಹೊಟ್ಟೆ ಮೇಲೆ ಹೊಡೆಯುವುದು ಆ ಹುಳ. ಮೋಡ ಮುಸುಕಿದ ಹವೆ ಇದ್ದರೆ ಹೂವು ಮೊಗ್ಗನ್ನು ಗೂಡು ಕಟ್ಟಿ ತಿನ್ನುವ ಮಾರುಕಾ ಕೂಡ ಸೇರಿಕೊಳ್ಳುತ್ತದೆ. ದುಡ್ಡು, ಪಂಪು, ಕೂಲಿ ಎಲ್ಲ ಆ ಹೊತ್ತಿಗೆ ಉಳಿಸಿಕೊಳ್ಳಿ.


ಬೀದರ್ ಶುಂಠಿ:

ಟೀಚರ್ ಮೇಡಂ, ನಡುವೆ ನನ್ನದೊಂದು ಪ್ರಶ್ನೆ. ನಮ್ಮದು ಹುಮನಾಬಾದ್ ಹತ್ತಿರ ಶುಂಠಿ, ಒಂದು ಮೂಲೆಗೆ ಅರಿಶಿನ. ಎಲೆ ಅಂಚಿನಿಂದ ಮಡಚಿ ಕೊಳವೆ ಥರ ಮಾಡಿ ಒಳಗೆ ಹಸಿರು ಹುಳ ಕೂತಿರುತ್ತದೆ. ತಲೆ ಕಪ್ಪು, ದಪ್ಪ. ನೀವು ಕುತ್ತಿಗೆ ಅಂತ ಬರೆದದ್ದು ಓದಿ ಹೋಗಿ ನೋಡಿದೆ. ಕುತ್ತಿಗೆ ಸಣ್ಣ ಇದೆ! ಇದು ಅಮೆರಿಕದ್ದಾ?


ವಿಜ್ಞಾನ ಟೀಚರ್, ಕಲಬುರಗಿ:

ಬೀದರಿನ ತಮ್ಮಾ, ಓದಿ ಎಷ್ಟು ಖುಷಿಯಾಯಿತು ಹೇಳಲಾರೆ. ನೀವು ಹಿಡಿದದ್ದು ಸ್ಕಿಪ್ಪರೇ. ಆದರೆ ಅಪ್ಪಟ ನಮ್ಮ ದೇಶದ್ದು, ಗ್ರಾಸ್ ಡೆಮನ್ ಅನ್ನುತ್ತಾರೆ. ವೈಜ್ಞಾನಿಕ ಹೆಸರು ಉಡಾಸ್ಪೀಸ್ ಫೋಲಸ್. ಶುಂಠಿ, ಅರಿಶಿನ ಅದಕ್ಕೆ ಪ್ರೀತಿಯ ಊಟ. ಆ ಕೊಳವೆಯೊಳಗೇ ಕೋಶ ಕಟ್ಟುತ್ತದೆ. ಒಂದು ಎಲೆಯನ್ನು ಹುಳದ ಸಮೇತ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿದ ಡಬ್ಬಿಯಲ್ಲಿ ಇಡಿ. ದಿನಾ ಹೊಸ ಎಲೆ ಹಾಕಿ, ನೀರು ನಿಲ್ಲದಂತೆ ನೋಡಿಕೊಳ್ಳಿ. ಕೆಲವು ದಿನಕ್ಕೆ ಗಾಢ ಕಂದು ಪಾತರಗಿತ್ತಿ ಹೊರಬರುತ್ತದೆ, ಹಿಂದಿನ ರೆಕ್ಕೆ ಮೇಲೆ ದೊಡ್ಡ ಬಿಳಿ ಮಚ್ಚೆ. ಅದನ್ನು ನೋಡಿದ ಮೇಲೆ ನಿಮಗೆ ಗುರುತು ಮರೆಯುವುದಿಲ್ಲ. ಕೊಳವೆ ಎಲೆ ಜಾಸ್ತಿ ಆದರೆ ಕೈಯಿಂದ ಕಿತ್ತು ತೆಗೆದರೆ ಸಾಕು. ಸ್ವಲ್ಪ ಇದ್ದರೆ ಗಡ್ಡೆಗೆ ಏನೂ ತೊಂದರೆ ಇಲ್ಲ.

ಶಹಾಪುರದವರೇ, ನಿಮ್ಮ ಭತ್ತಕ್ಕೂ ಇದೇ ಪರೀಕ್ಷೆ ಮಾಡಿ. ಭತ್ತದ ಎಲೆ ಮಡಚುವುದರಲ್ಲಿ ಪತಂಗದ ಹುಳವೂ ಇದೆ, ಸ್ಕಿಪ್ಪರ್ ಹುಳವೂ ಇದೆ. ಎಲೆಯ ಹಸಿರನ್ನು ಕೆರೆದು ಬಿಳಿ ಗೆರೆ ಬಿಟ್ಟಿದ್ದರೆ ಅದು ಪತಂಗದ್ದು, ಕಾಟ ಕೊಡುವುದು ಅದೇ. ಎಲೆಯನ್ನು ಅಂಚಿನಿಂದ ಕಡಿದು ತಿಂದಿದ್ದು, ಹಸಿರು ಹುಳಕ್ಕೆ ದಪ್ಪ ತಲೆ ಇದ್ದರೆ ಸ್ಕಿಪ್ಪರ್. ವರ್ಷಕ್ಕೊಮ್ಮೆ ಹೊಡೆಯಲೇಬೇಕು ಅಂತ ಇಟ್ಟುಕೊಳ್ಳುವ ಬದಲು ಯಾವ ಹುಳ, ಎಷ್ಟು ಇದೆ ಅಂತ ನೋಡಿ ಹೊಡೆಯಿರಿ.


ಶಹಾಪುರ ಕಾಲುವೆ:

ಆಯ್ತು ಟೀಚರ್. ಬಿಳಿ ಗೆರೆ ಇದೆ, ಅದಂತೂ ನನಗೆ ನೆನಪಿದೆ. ಆದರೂ ಈ ಸಲ ಬಿಡಿಸಿ ನೋಡುತ್ತೇನೆ.


ಆಳಂದದ ಎರೆಹೊಲ:

ಎಣ್ಣೆ ತರಲಿಲ್ಲ. ನಾಳೆ ನಾಡಿದ್ದರಲ್ಲಿ ಆಳು ಹಚ್ಚಿ ಕುಡಿ ಚಿವುಟಿಸುತ್ತೇನೆ. ಸೇಡಂ ತಮ್ಮಾ, ಕಾಯಿಕೊರಕಕ್ಕೆ ಮೋಹಕ ಬಲೆ, ಅದೇ ವಾಸನೆಯಿಂದ ಗಂಡು ಪತಂಗ ಸೆಳೆದು ಹಿಡಿಯುವುದು, ಯಾವಾಗ ಕಟ್ಟಬೇಕು, ಎಷ್ಟು?


ಕೃಷಿ ಪದವಿ, ಸೇಡಂ:

ಮೊಗ್ಗು ಕಾಣುವ ಮುಂಚೆ ಕಟ್ಟಿ ಅಣ್ಣಾ, ಎಕರೆಗೆ ಎರಡು. ಬಲೆ ಗಿಡದ ನೆತ್ತಿಗಿಂತ ಸ್ವಲ್ಪ ಮೇಲೆ ಇರಲಿ. ಅದರಲ್ಲಿ ಪತಂಗ ಬೀಳತೊಡಗಿದ ಮೇಲೆ ದಿನಾ ಬೆಳಿಗ್ಗೆ ಗಿಡ ನೋಡಿ. ಮೊಟ್ಟೆ ಕಂಡರೆ 5% ಬೇವಿನ ಬೀಜದ ಕಷಾಯ ಹೊಡೆಯಿರಿ. ಹಕ್ಕಿ ಕೂರಲು ಅಲ್ಲಲ್ಲಿ ಕವಲು ಕಟ್ಟಿಗೆ ನೆಡಿ. ಹುಳ ದೊಡ್ಡದಾಗಿದ್ದರೆ ನಮ್ಮ ಹಿರಿಯರು ಮಾಡುತ್ತಿದ್ದ ಹಾಗೆ ಸಾಲಿನ ಕೆಳಗೆ ಹಾಸು ಹಿಡಿದು ಗಿಡ ಅಲುಗಾಡಿಸಿ, ಉದುರಿದ್ದನ್ನು ಕೋಳಿಗೆ ಹಾಕಿ. ಬೀಜದ ಜೊತೆ ಒಂದಿಷ್ಟು ಜೋಳ ಬೆರೆಸಿ ಬಿತ್ತಿದ್ದರೆ ಹಕ್ಕಿಗೆ ಕಟ್ಟಿಗೆಯೇ ಬೇಕಾಗುತ್ತಿರಲಿಲ್ಲ. ಮುಂದಿನ ಮುಂಗಾರಿಗೆ ನೆನಪಿಡಿ.